ಎಲ್‌ಎಲ್‌ಸಿ ಕಾಗದಕ್ಕೆ ಸಹಿ ಯಾರು ಹಾಕಬೇಕು?

ಅಮೆರಿಕದಲ್ಲಿ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಒಂದು ಬಗೆಯ ಕಂಪನಿ) ತೆರೆಯುವವರು ಹೆಸರು ಸಿಗುತ್ತಾ, ಫೀಸು ಎಷ್ಟು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಸಹಿ ಗೆರೆ ಬಂದಾಗ ಮಾತ್ರ ಸುಮ್ನೆ ಗೀಚಿ ಕಳಿಸುತ್ತಾರೆ. ನೀವು ಯಾವ ಹುದ್ದೆಯಲ್ಲಿ ಸಹಿ ಹಾಕುತ್ತಿದ್ದೀರಿ ಅನ್ನೋದೇ ಅಲ್ಲಿ ಮುಖ್ಯ.

ಕಂಪನಿ ಹುಟ್ಟಿಸುವ ಮೊದಲ ಅರ್ಜಿ ಸುಲಭ. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಅದಕ್ಕೆ ಸಹಿ ಹಾಕುವವರು ಆರ್ಗನೈಸರ್. ಡೆಲವೇರ್‌ನಲ್ಲಿ ಇವರನ್ನು ಆಥರೈಸ್ಡ್ ಪರ್ಸನ್ ಅನ್ನುತ್ತಾರೆ. ಇವರು ಮೆಂಬರ್ (ಕಂಪನಿಯ ಮಾಲೀಕರಲ್ಲಿ ಒಬ್ಬರು) ಆಗಿರಲೇಬೇಕು ಅಂತಿಲ್ಲ, ನಿಮ್ಮ ವಕೀಲರೇ ಹಾಕಬಹುದು. ಡೆಲವೇರ್ ಅರ್ಜಿಯಲ್ಲಿ ಮೆಂಬರ್‌ಗಳ ಹೆಸರು ಬರೆಯಬೇಕಿಲ್ಲ, ಹಾಗಾಗಿ ಹೊರಗೆ ಕಾಣುವುದು ಇವರ ಹೆಸರೇ.

ರಿಜಿಸ್ಟರ್ಡ್ ಏಜೆಂಟ್, ಅಂದರೆ ಕಂಪನಿ ಪರವಾಗಿ ಕೋರ್ಟು, ಸರ್ಕಾರದ ಕಾಗದ ತೆಗೆದುಕೊಳ್ಳುವವರ ಒಪ್ಪಿಗೆ ಬೇರೆ ವಿಷಯ. ಫ್ಲೋರಿಡಾದಲ್ಲಿ ಅವರ ಸಹಿ ಅರ್ಜಿಯಲ್ಲೇ ಇರಬೇಕು. ಟೆಕ್ಸಾಸ್‌ನಲ್ಲೂ ಒಪ್ಪಿಗೆ ಬೇಕು, ಆದರೆ ಆ ಕಾಗದ ನಿಮ್ಮ ಫೈಲಿನಲ್ಲಿದ್ದರೆ ಸಾಕು.

ಎಡವುವುದು ಆಮೇಲೆ. ಹೆಸರು ಬದಲಿಸಲೋ ಕಂಪನಿ ಮುಚ್ಚಲೋ ಹೊರಟಾಗ, ಅವತ್ತು ಸಹಿ ಹಾಕಿದ್ದ ಆರ್ಗನೈಸರ್ ಹತ್ತಿರವೇ ಮತ್ತೆ ಹೋಗಬೇಡಿ, ಅವರ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಆಪರೇಟಿಂಗ್ ಅಗ್ರಿಮೆಂಟ್ (ಕಂಪನಿ ಹೇಗೆ ನಡೆಯಬೇಕು ಅನ್ನುವ ಮೆಂಬರ್‌ಗಳ ಒಪ್ಪಂದ) ತೆಗೆದು ನೋಡಿ. ಮೆಂಬರ್‌ಗಳೇ ನಡೆಸುವ ಕಂಪನಿಯಾದರೆ ಸಾಮಾನ್ಯವಾಗಿ ಒಬ್ಬ ಮೆಂಬರ್, ಮ್ಯಾನೇಜರ್ ಇದ್ದರೆ ಮ್ಯಾನೇಜರ್. ಮೆಂಬರೇ ಇನ್ನೊಂದು ಕಂಪನಿಯಾಗಿದ್ದರೆ ಬರೀ ನಿಮ್ಮ ಹೆಸರು ಬರೆದರೆ ಗೊಂದಲ, ಹೀಗೆ ಬರೆಯಿರಿ:

ಎಬಿಸಿ ಹೋಲ್ಡಿಂಗ್ಸ್ ಎಲ್‌ಎಲ್‌ಸಿ, ಮೆಂಬರ್
ಪರವಾಗಿ: (ಸಹಿ)
ನಿಮ್ಮ ಪೂರ್ತಿ ಹೆಸರು, ಎಬಿಸಿ ಹೋಲ್ಡಿಂಗ್ಸ್‌ನ ಮ್ಯಾನೇಜರ್

ನೋಟರಿ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಹುಪಾಲು ರಾಜ್ಯಗಳಲ್ಲಿ ಬೇಡ. ಹಾಗಂತ ಹಗುರವಾಗಿ ತಗೋಬೇಡಿ. ಡೆಲವೇರ್ ಕಾನೂನಿನಲ್ಲಿ ಆ ಸಹಿಯೇ ಪ್ರಮಾಣ ಮಾಡಿದ ಹಾಗೆ, ಬರೆದದ್ದು ಸುಳ್ಳು ಅಂತ ಗೊತ್ತಿದ್ದೂ ಹಾಕಿದರೆ ಅದು ಅಪರಾಧ. ಫ್ಲೋರಿಡಾದಲ್ಲಿ ಆನ್‌ಲೈನ್ ಅರ್ಜಿಗೆ ಹೆಸರು ಟೈಪ್ ಮಾಡಿದರೆ ಅದೇ ಸಹಿ. ಪಾರ್ಟ್‌ನರ್ ಊರಲ್ಲಿಲ್ಲ, ಅವರ ಹೆಸರು ನಾನೇ ಟೈಪ್ ಮಾಡ್ತೀನಿ ಅನ್ನೋರು ಜಾಸ್ತಿ, ಅಲ್ವಾ? ಅವರನ್ನು ಕೇಳದೆ ಹಾಗೆ ಮಾಡಿದರೆ ಅದು ಫೋರ್ಜರಿ.

ಪಾರ್ಟ್‌ನರ್ ನಿಜಕ್ಕೂ ಸಹಿ ಹಾಕಲು ಸಿಗದಿದ್ದರೆ ಪವರ್ ಆಫ್ ಅಟಾರ್ನಿ (ಅವರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಬರೆಸಿಕೊಳ್ಳಿ. ಡೆಲವೇರ್‌ನಲ್ಲಿ ಅದನ್ನು ಅರ್ಜಿ ಜೊತೆ ಕಳಿಸಬೇಕಿಲ್ಲ, ಕಂಪನಿ ಫೈಲಿನಲ್ಲಿ ಜೋಪಾನವಾಗಿಡಿ.