ಹೈಟಿ ಸಂಗೀತದ ರಾತ್ರಿಗೆ ಏನು ಹಾಕಿಕೊಳ್ಳಬೇಕು, ಹೇಗೆ ಹೋಗಬೇಕು

ಕೆರಿಬಿಯನ್ ಸಮುದ್ರದ ದೇಶ ಹೈಟಿಯ ಬ್ಯಾಂಡ್ ನುಡಿಸುವ ಜಾಗಕ್ಕೆ ಹೋಗಿ ಮುಂದಿನ ಸಾಲಿನ ಕುರ್ಚಿ ಹುಡುಕಬೇಡಿ. ಆ ಸಂಗೀತ ಇರುವುದೇ ಕುಣಿಯುವುದಕ್ಕೆ. ಕುಣಿಯಲು ಬರುವುದಿಲ್ಲ ಅಂದರೆ ನಿಂತಲ್ಲೇ ತೂಗಾಡಿದರೂ ಸಾಕು, ಆದರೆ ಅದಕ್ಕೆ ತಕ್ಕ ಬಟ್ಟೆ, ತಕ್ಕ ಚಪ್ಪಲಿ ಬೇಕು. ನಮ್ಮ ಕರಾವಳಿಯವರು ಎಡವುವುದು ಇಲ್ಲೇ. ಸಮುದ್ರದ ದಂಡೆಯ ಕಾರ್ಯಕ್ರಮ ಅಂತ ಗೊತ್ತಾದರೆ ಸಾಕು, ಬರ್ಮುಡಾ, ಮಾಸಿದ ಟೀ ಶರ್ಟ್, ರಬ್ಬರ್ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತಾರೆ. ಹೈಟಿಯವರು ಹಾಗೆ ಬರುವುದಿಲ್ಲ. ಕುಣಿತದ ರಾತ್ರಿ ಅಂದರೆ ಅವರಿಗೆ ಇಸ್ತ್ರಿ ಮಾಡಿದ ಬಟ್ಟೆ, ಒರೆಸಿದ ಶೂ, ಸ್ವಲ್ಪ ಸೆಂಟು. ಬ್ಯಾಂಡಿನವರೂ ಅಷ್ಟೇ ನೀಟಾಗಿ ನಿಂತಿರುತ್ತಾರೆ. ನೀವು ಚೆನ್ನಾಗಿ ಬಟ್ಟೆ ಹಾಕಿಕೊಂಡು ಹೋದರೆ ಅವರ ಸಂಗೀತಕ್ಕೆ ಮರ್ಯಾದೆ ಕೊಟ್ಟ ಹಾಗೆ, ನನಗೆ ಮುಖ್ಯ ಅನ್ನಿಸುವುದು ಅದೇ.

ನಮ್ಮ ಕಡೆ ಇಂಥ ರಾತ್ರಿ ಸಿಗುವುದು ಅಪರೂಪ. ಕಾರವಾರದವರಿಗೆ ಗೋವಾ ಪಕ್ಕದಲ್ಲೇ ಇದೆ, ಮಾಜಾಳಿ ದಾಟಿದರೆ ಪೋಳೆಂ, ಇನ್ನಷ್ಟು ಮುಂದೆ ಹೋದರೆ ಪಾಲೊಲೆಂ. ಮಳೆಗಾಲ ಮುಗಿದು ಸೀಸನ್ ಶುರುವಾದ ಮೇಲೆ ಅಲ್ಲಿಗೂ ನಮ್ಮ ಗೋಕರ್ಣಕ್ಕೂ ಬೇರೆ ಬೇರೆ ದೇಶದ ಸಂಗೀತಗಾರರು ಬಂದು ಹೋಗುತ್ತಿರುತ್ತಾರೆ. ಇನ್ನು ಕುಮಟಾ, ಹೊನ್ನಾವರ, ಶಿರಸಿ ಕಡೆಯ ಎಷ್ಟೋ ಮನೆಯ ಮಕ್ಕಳು ಈಗ ನ್ಯೂಯಾರ್ಕ್, ಮಯಾಮಿ, ಮಾಂಟ್ರಿಯಲ್ ಅಂತ ಹೋಗಿ ಕೂತಿದ್ದಾರಲ್ಲ, ಆ ಮೂರೂ ಊರುಗಳಲ್ಲಿ ಹೈಟಿಯವರ ದೊಡ್ಡ ಬಳಗವೇ ಇದೆ. ಅವರಿಗೆ ಅವಕಾಶ ನಮಗಿಂತ ಜಾಸ್ತಿ. ಎಲ್ಲೇ ಆಗಲಿ, ಪೋಸ್ಟರ್‌ನಲ್ಲಿ ಬರೀ ಕೆರಿಬಿಯನ್ ನೈಟ್ ಅಂತ ಇದ್ದರೆ ಟಿಕೆಟ್ ತೆಗೆಯುವ ಮೊದಲು ಕೇಳಿ: ಬ್ಯಾಂಡ್ ಇದೆಯಾ, ಡಿಜೆ ಮಾತ್ರವಾ? ಜಮೈಕದ ರೆಗೆ, ಟ್ರಿನಿಡಾಡ್‌ನ ಸೋಕಾ ಎಲ್ಲ ಒಟ್ಟಿಗೆ ಹಾಕುವ ರಾತ್ರಿಯೂ ಖುಷಿಯೇ, ಆದರೆ ಅದು ಬೇರೆ. ಪಾಲೊಲೆಂನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿಯೂ ಇದೆ, ಅದೂ ಇದಲ್ಲ.

ಯಾವ ಸಂಗೀತ ಅಂತ ಮೊದಲೇ ತಿಳಿದುಕೊಳ್ಳಿ ಅನ್ನುವುದಕ್ಕೆ ಇನ್ನೊಂದು ಕಾರಣ, ಬಟ್ಟೆ ಅದರ ಮೇಲೇ ನಿಂತಿದೆ. ಹೆಚ್ಚಾಗಿ ಸಿಗುವುದು ಕೊಂಪಾ. ಸ್ಯಾಕ್ಸೋಫೋನ್ ನುಡಿಸುತ್ತಿದ್ದ ನೆಮೂರ್ ಜಾನ್ ಬಾಪ್ಟಿಸ್ಟ್ 1955ರಲ್ಲಿ ಹೈಟಿಯ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನಲ್ಲಿ ಶುರುಮಾಡಿದ್ದು. ಒಂದೇ ಸಮನೆ ಬಡಿಯುವ ತಾಳ, ಅದರ ಮೇಲೆ ತಾಂಬು ಅನ್ನುವ ಕೈಡೋಲು, ಗಂಟೆಯ ಠಣ್ ಠಣ್, ಒಂದಕ್ಕೊಂದು ಹೆಣೆದುಕೊಂಡ ಗಿಟಾರ್. 1968ರಲ್ಲಿ ಪೆಟಿಯೋಂವಿಲ್‌ನಲ್ಲಿ ಹುಟ್ಟಿದ ತಾಬು ಕಾಂಬೋ ಬ್ಯಾಂಡ್ ಇದನ್ನು ಹೊರದೇಶಕ್ಕೆಲ್ಲ ಕೊಂಡೊಯ್ದಿತು, ಅವರದ್ದನ್ನು ಒಂದೆರಡು ಸಲ ಕೇಳಿಕೊಂಡು ಹೋದರೆ ಕಿವಿ ಹದಕ್ಕೆ ಬರುತ್ತದೆ. 2025ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಸಭೆ ದೆಹಲಿಯಲ್ಲಿ ನಡೆದಾಗ ನಮ್ಮ ದೀಪಾವಳಿಯ ಜೊತೆಗೇ ಕೊಂಪಾ ಕೂಡ ಪರಂಪರೆಯ ಪಟ್ಟಿಗೆ ಸೇರಿತು, ನಮ್ಮ ಪತ್ರಿಕೆಗಳಲ್ಲಿ ದೀಪಾವಳಿಯೇ ತುಂಬಿಕೊಂಡಿತ್ತು ಅಲ್ವಾ, ಇದು ಯಾರ ಕಣ್ಣಿಗೂ ಬೀಳಲಿಲ್ಲ. ಕೊಂಪಾ ರಾತ್ರಿಗೆ ಮದುವೆಯ ರಿಸೆಪ್ಶನ್‌ಗೆ ಹೋಗುವಷ್ಟು ಅಲ್ಲದಿದ್ದರೂ ಅದಕ್ಕೆ ಹತ್ತಿರದ ಬಟ್ಟೆ ಹಾಕಿಕೊಳ್ಳಿ.

ಎರಡನೆಯದು ರಸಿನ್. ವೂಡೂ ಅನ್ನುವ ಹೈಟಿಯವರ ಧರ್ಮದ ಪೂಜೆಯ ಡೋಲಿನ ಬಡಿತಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿದ್ದು. ಬೂಕ್ಮಾನ್ ಎಕ್ಸ್‌ಪೇರಿಯಾನ್ಸ್, ರಾಮ್, ಇವು ಅದರ ದೊಡ್ಡ ಹೆಸರುಗಳು. ರಾಮ್ ಬ್ಯಾಂಡ್ ಪೋರ್ಟ್ ಓ ಪ್ರಿನ್ಸ್‌ನ ಓಲೊಫ್ಸನ್ ಅನ್ನುವ ಹಳೆಯ ಮರದ ಹೋಟೆಲಿನಲ್ಲಿ ವರ್ಷಗಟ್ಟಲೆ ಗುರುವಾರ ರಾತ್ರಿ ನುಡಿಸುತ್ತಿತ್ತು. ಆ ಕಟ್ಟಡ 2025ರ ಜುಲೈನಲ್ಲಿ ಸುಟ್ಟುಹೋಯಿತು, ಗ್ಯಾಂಗ್‌ಗಳ ಗಲಾಟೆಯಲ್ಲಿ. ಆ ಸುದ್ದಿ ಓದಿ ನನಗೆ ತುಂಬಾ ಬೇಜಾರಾಯಿತು. ರಸಿನ್ ರಾತ್ರಿಗೆ ಸಡಿಲವಾದ ಹತ್ತಿ ಬಟ್ಟೆಯೇ ಸರಿ, ಅಲ್ಲಿ ಜೋಡಿಗಿಂತ ಗುಂಪಿನ ಕುಣಿತ ಜಾಸ್ತಿ, ಬೆವರೂ ಜಾಸ್ತಿ. ಗಿಟಾರ್, ಅಕಾರ್ಡಿಯನ್ ಹಿಡಿದು ಹಾಡುವ ತ್ರುಬಾದು ಅಂತ ಇನ್ನೊಂದಿದೆ, ಕ್ಯೂಬಾಕ್ಕೆ ಕಬ್ಬು ಕಡಿಯಲು ಹೋಗಿ ಬಂದ ಕೂಲಿಯವರು ತಂದದ್ದು. ಅದಕ್ಕೆ ಮಾತ್ರ ಕೂತು ಕೇಳಬಹುದು.

ರಸಿನ್ ಬ್ಯಾಂಡು ನಡುವೆ ರಾರಾ ಶುರುಮಾಡಿದರೆ ನಮ್ಮ ಅಂಕೋಲೆ, ಕುಮಟೆಯವರಿಗೆ ಥಟ್ಟನೆ ಗುರುತು ಸಿಗುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿಕೊಂಡು, ಗುಮಟೆ ಬಾರಿಸುತ್ತ ಮನೆಮನೆಗೆ ಸುಗ್ಗಿ ಕುಣಿತ ತರುತ್ತಾರಲ್ಲ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಈಸ್ಟರ್‌ಗೆ ಮೊದಲಿನ ವಾರಗಳಲ್ಲಿ, ಹೈಟಿಯ ಹಳ್ಳಿಗಳಲ್ಲಿ ರಾರಾ ಮೇಳಗಳು ರಸ್ತೆಗಿಳಿಯುತ್ತವೆ. ಬಿದಿರಿನ ಕೊಳವೆಯ ವಾಕ್ಸಿನ್ ಅನ್ನುವ ಕಹಳೆ, ತಗಡಿನ ಕಹಳೆ, ಡೋಲು. ಒಬ್ಬೊಬ್ಬನ ವಾಕ್ಸಿನ್‌ಗೂ ಒಂದೊಂದೇ ಸ್ವರ, ಎಲ್ಲರದೂ ಸೇರಿದಾಗಲೇ ರಾಗ. ವೇದಿಕೆಯಿಂದ ಇಳಿದು ಜನರ ನಡುವೆ ಬಂದರೆ ದಾರಿ ಬಿಟ್ಟು ಸುಮ್ನೆ ನಿಲ್ಲಬೇಡಿ, ಹಿಂದೆ ಸೇರಿಕೊಂಡು ನಡೆಯಿರಿ.

ಈಗ ಹೆಂಗಸರ ಬಟ್ಟೆ. ಹೈಟಿಯ ಹೆಂಗಸರು ಹಬ್ಬಕ್ಕೆ ಹಾಕುವುದು ಕರಬೆಲಾ: ಭುಜ ತೆರೆದ ಅಥವಾ ಅಂಚಿಗೆ ನೆರಿಗೆ ಇಟ್ಟ ಮೇಲಂಗಿ, ಅಗಲವಾಗಿ ಬಿಚ್ಚಿಕೊಳ್ಳುವ ಉದ್ದ ಲಂಗ, ತಲೆಗೆ ವಸ್ತ್ರ. ಅದನ್ನೇ ಹೊಲಿಸಿಕೊಳ್ಳಬೇಕಾಗಿಲ್ಲ, ಆದರೆ ಅದರಿಂದ ಒಂದು ವಿಷಯ ಕಲಿಯಬಹುದು: ಲಂಗಕ್ಕೆ ಘೇರು ಬೇಕು. ಹೆಜ್ಜೆ ಚಿಕ್ಕದು, ಸೊಂಟದ ಓಲಾಟ ಜಾಸ್ತಿ, ಬಿಗಿಯಾದ ಜೀನ್ಸ್‌ನಲ್ಲಿ ಅದು ಬರುವುದೇ ಇಲ್ಲ. ಮೊಣಕಾಲಿನ ಕೆಳಗಿನವರೆಗೆ ಬರುವ ಹತ್ತಿಯ ಫ್ರಾಕು, ಘೇರಿನ ಲಂಗ, ಅಗಲ ಕಾಲಿನ ಪ್ಯಾಂಟಿನ ಮೇಲೆ ಗಿಡ್ಡ ಕುರ್ತಾ, ಯಾವುದಾದರೂ ಆಯಿತು. ಸೀರೆ ಉಡಬೇಕು ಅನ್ನಿಸಿದರೆ ಖಂಡಿತ ಉಡಿ. ರೇಷ್ಮೆ ಬೇಡ, ನಮ್ಮ ಸೆಕೆಗೆ ಬೆನ್ನಿಗೆ ಅಂಟುತ್ತದೆ. ಹತ್ತಿ ಸೀರೆ ಉಟ್ಟು, ನೆರಿಗೆಗೆ ಪಿನ್ನು ಹಾಕಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡು ಬೆರಳು ಮೇಲೆ ಉಡಿ. ಮುಡಿಗೆ ಭಟ್ಕಳ ಮಲ್ಲಿಗೆ ಇದ್ದರೆ ಇನ್ನೂ ಚಂದ. ಗಾಜಿನ ಬಳೆ ಮಾತ್ರ ಬೇಡ, ಕೈ ಹಿಡಿದು ತಿರುಗುವಾಗ ಒಡೆದು ಕೈ ಕುಯ್ಯುತ್ತದೆ.

ಗಂಡಸರಿಗೆ ಸುಲಭ. ತೆಳು ಬಣ್ಣದ ಲಿನನ್ ಅಥವಾ ಹತ್ತಿ ಶರ್ಟ್, ಪ್ಯಾಂಟು, ಬೆಲ್ಟು. ಮುಂದೆ ನಾಲ್ಕು ಜೇಬು, ಸಣ್ಣ ಮಡಿಕೆಗಳಿರುವ ಗುವಾಯಾಬೆರಾ ಶರ್ಟನ್ನು ಕೆರಿಬಿಯನ್ ಕಡೆ ಹಿರಿಯರು ಬಹಳ ಮೆಚ್ಚುತ್ತಾರೆ, ನಮ್ಮ ಟೈಲರ್‌ಗೆ ಫೋಟೋ ತೋರಿಸಿದರೆ ಹೊಲಿದುಕೊಡುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಪಂಚೆಯೂ ಆಗುತ್ತದೆ, ಆದರೆ ಎತ್ತಿ ಕಟ್ಟಬೇಡಿ. ಕರ್ಚೀಫ್ ಎರಡಿರಲಿ. ಇನ್ನೊಂದು ಶರ್ಟನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ, ಅರ್ಧ ಗಂಟೆಯಲ್ಲಿ ಶರ್ಟು ಒದ್ದೆ, ಆಮೇಲೆ ಯಾರೂ ಜೊತೆಗೆ ಕುಣಿಯಲು ಬರುವುದಿಲ್ಲ.

ಬಣ್ಣದಲ್ಲಿ ನೀಲಿ, ಕೆಂಪು ಆರಿಸಿಕೊಂಡರೆ ಅವರಿಗೆ ನಿಜವಾಗಿಯೂ ಖುಷಿಯಾಗುತ್ತದೆ. ಅದು ಅವರ ಬಾವುಟದ ಬಣ್ಣ. 1803ರ ಮೇ 18ರಂದು ಅರ್ಕಹೈ ಅನ್ನುವ ಊರಲ್ಲಿ ಆ ಬಾವುಟ ಹುಟ್ಟಿತು. ಮಾರನೆಯ ವರ್ಷ ಜನವರಿ 1ಕ್ಕೆ ದೇಶ ಸ್ವತಂತ್ರವಾಯಿತು. ಗುಲಾಮರೇ ದಂಗೆ ಎದ್ದು, ಗೆದ್ದು ಕಟ್ಟಿದ ದೇಶ ಅದು. ಮೇ 18ರ ಆಸುಪಾಸಿನ ಕಾರ್ಯಕ್ರಮವಾದರೆ ಒಂದು ನೀಲಿ ಶರ್ಟು, ಕೆಂಪು ವಸ್ತ್ರ ಸಾಕು.

ಒಂದು ವಿಷಯದಲ್ಲಿ ಮಾತ್ರ ಜೋಪಾನ. ನೀಲಿ ಒರಟು ಬಟ್ಟೆ, ಹುಲ್ಲಿನ ಟೊಪ್ಪಿ, ಕೆಂಪು ವಸ್ತ್ರ, ಹೆಗಲಿಗೆ ಹೆಣೆದ ಚೀಲ, ಇಷ್ಟೂ ಒಟ್ಟಿಗೆ ಹಾಕಿದರೆ ಅದು ಅವರ ರೈತರ ದೇವರು ಅಝಾಕನ ವೇಷ. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ತಲೆಬುರುಡೆಯ ಚಿತ್ರದ ಟೀ ಶರ್ಟ್ ಹಾಕಿಕೊಂಡು ವೂಡೂ ಅಂತ ನಗುವುದಂತೂ ಬೇಡವೇ ಬೇಡ. ಅದು ಅವರು ನಂಬಿ ನಡೆಯುವ ಧರ್ಮ. ನಮ್ಮ ದೈವ, ದೇವರುಗಳನ್ನು ಹೊರಗಿನವರು ಸಿನಿಮಾದ ದೆವ್ವ ಮಾಡಿದರೆ ನಮಗೆ ಹೇಗೆ ಆಗುತ್ತದೆ?

ಚಪ್ಪಲಿಯ ಬಗ್ಗೆ ಜನ ಯೋಚನೆಯೇ ಮಾಡುವುದಿಲ್ಲ. ಕೊಂಪಾದಲ್ಲಿ ಕಾಲು ಎತ್ತುವುದಕ್ಕಿಂತ ಜಾರಿಸುವುದು ಜಾಸ್ತಿ. ರಬ್ಬರ್ ಅಡಿಯ ಸ್ಪೋರ್ಟ್ಸ್ ಶೂ ನೆಲ ಹಿಡಿಯುತ್ತದೆ, ಮೊಣಕಾಲು ತಿರುಚುತ್ತದೆ. ಒಳಗಿನ ಹಾಲಿನಲ್ಲಾದರೆ ಚರ್ಮದ ಅಡಿಯ ಶೂ, ಹೆಂಗಸರಿಗೆ ಹಿಮ್ಮಡಿಗೆ ಪಟ್ಟಿ ಇರುವ, ಎತ್ತರ ಕಡಿಮೆಯ ಚಪ್ಪಲಿ. ಮರಳಿನಲ್ಲಾದರೆ ಬರಿಗಾಲೇ ಒಳ್ಳೆಯದು, ಆದರೆ ಮೊದಲು ಮೊಬೈಲ್ ಟಾರ್ಚಿನಲ್ಲಿ ಗಾಜಿನ ಚೂರು ಇದೆಯಾ ನೋಡಿ.

ಹೊತ್ತಿನ ವಿಷಯ. ಹೈಟಿಯಲ್ಲೂ ನ್ಯೂಯಾರ್ಕಿನಲ್ಲೂ ಕೊಂಪಾ ಬ್ಯಾಂಡು ವೇದಿಕೆ ಹತ್ತುವುದು ನಡುರಾತ್ರಿಯ ಸುಮಾರಿಗೆ, ಬೇಗ ಹೋದರೆ ಖಾಲಿ ಹಾಲು. ನಮ್ಮಲ್ಲಿ ಹಾಗಲ್ಲ. ತೆರೆದ ಜಾಗದಲ್ಲಿ ರಾತ್ರಿ 10 ಗಂಟೆಯ ಮೇಲೆ ಮೈಕು ಹಾಕುವಂತಿಲ್ಲ, ವರ್ಷದಲ್ಲಿ ಕೆಲವೇ ದಿನ 12ರವರೆಗೆ ಸಡಿಲಿಕೆ. ಹಾಗಾಗಿ ಗೋಕರ್ಣವೋ ಗೋವಾವೋ ಆದರೆ ಸಂಜೆಯೇ ಹಾಜರಾಗಿ, ಇಲ್ಲವಾದರೆ ಬ್ಯಾಂಡು ಬಿಸಿ ಏರುವ ಹೊತ್ತಿಗೆ ನೀವು ಇನ್ನೂ ಪಾರ್ಕಿಂಗ್ ಹುಡುಕುತ್ತಿರುತ್ತೀರಿ.

ಒಳಗೆ ಹೋದ ಕೂಡಲೇ ಬೋನ್‌ಸ್ವಾ, ಅಂದರೆ ಶುಭ ಸಂಜೆ, ಅನ್ನಿ. ಹೈಟಿಯವರಲ್ಲಿ ನಮಸ್ಕಾರ ಹೇಳದೆ ನೇರ ಮಾತಿಗಿಳಿಯುವುದು ಒರಟುತನ. ಆಮೇಲೆ ಭೂಕಂಪ, ಗ್ಯಾಂಗು ಅಂತ ಶುರುಮಾಡಬೇಡಿ, ಆ ರಾತ್ರಿಯಾದರೂ ಅವರು ಅದನ್ನೆಲ್ಲ ಬದಿಗಿಟ್ಟು ಬಂದಿರುತ್ತಾರೆ. ಕುಣಿಯಲು ಕರೆಯುವುದಾದರೆ ಎದುರು ನಿಂತು ಕೈ ಚಾಚಿ ಕೇಳಿ. ಇಲ್ಲ ಅಂದರೆ ನಕ್ಕು ಪಕ್ಕಕ್ಕೆ ಸರಿಯಿರಿ, ಮತ್ತೆ ಕೇಳಬೇಡಿ. ಹೌದು ಅಂದರೂ ಅದು ಒಂದು ಹಾಡಿಗೆ ಮಾತ್ರ. ಕೊಂಪಾವನ್ನು ಮೈಗೆ ಮೈ ತಾಗಿಸಿಯೂ ಕುಣಿಯುತ್ತಾರೆ, ಆದರೆ ಎಷ್ಟು ಹತ್ತಿರ ಅನ್ನುವುದನ್ನು ಹೆಣ್ಣು ತೀರ್ಮಾನಿಸಲಿ. ನಮ್ಮ ಹುಡುಗಿಯರಿಗೆ ಗುರುತಿಲ್ಲದವರ ಜೊತೆ ಇಷ್ಟವಿಲ್ಲದಿದ್ದರೆ ಗೆಳತಿಯರೇ ಜೋಡಿಯಾಗಿ, ಗುಂಪಾಗಿ ಕುಣಿಯಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೆಜ್ಜೆ ಸರಳ: ಬಲಕ್ಕೊಂದು, ಎಡಕ್ಕೊಂದು, ತಾಳದ ಮೇಲೆ ತೂಕ ಬದಲಿಸುತ್ತ ಹೋಗಿ, ಮೊಣಕಾಲು ಸ್ವಲ್ಪ ಬಗ್ಗಿರಲಿ, ಭುಜ ಅಲುಗಾಡದಿರಲಿ. ಹಾಡು ಉದ್ದ, ಎಂಟು ಹತ್ತು ನಿಮಿಷ ಹೋಗಬಹುದು, ಅವಸರ ಮಾಡಿದರೆ ಅರ್ಧಕ್ಕೇ ಸುಸ್ತು. ಮೊಬೈಲಿನಲ್ಲಿ ಒಂದು ತುಣುಕು ಹಿಡಿದುಕೊಂಡು ಒಳಗಿಡಿ.

ಊಟ ಇದ್ದರೆ ಹಂದಿಮಾಂಸದ ಗ್ರಿಯೋ ಇರುತ್ತದೆ, ಜೊತೆಗೆ ಎಲೆಕೋಸು, ಗಜ್ಜರಿ, ಖಾರದ ಮೆಣಸನ್ನು ವಿನೆಗರಿನಲ್ಲಿ ಹಾಕಿದ ಪಿಕ್ಲೀಸ್. ಖಾರ ತಿನ್ನುವ ನಮಗೂ ಮೂಗಲ್ಲಿ ನೀರು ಬರುತ್ತದೆ. ಶಿರಸಿ ಕಡೆಯ ಸಸ್ಯಾಹಾರಿಗಳು ಜಜ್ಜಿ ಕರಿದ ಕಾಯಿಬಾಳೆ ತೆಗೆದುಕೊಳ್ಳಿ. ಅಕ್ರಾ ಇದ್ದರೆ ಬಿಡಬೇಡಿ, ಅದು ಮಲಂಗಾ ಗಡ್ಡೆಯ ವಡೆ, ಮಲಂಗಾ ನಮ್ಮ ಕೆಸುವಿನ ಜಾತಿಯದೇ. ಮೀನು ಹಾಕಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳಿ.

ಗೋವಾದಿಂದ ವಾಪಸ್ ಬರುವವರು ಹೊರಡುವ ಮೊದಲೇ ಗಾಡಿ ಓಡಿಸುವುದು ಯಾರು ಅಂತ ತೀರ್ಮಾನಿಸಿ, ಅವರು ರಮ್ ಮುಟ್ಟಬಾರದು. ರಾತ್ರಿ ಬಸ್ಸು ಸಿಗುತ್ತದೆ ಅಂತ ನಂಬಿ ಕೂರಬೇಡಿ, ಪಾಲೊಲೆಂ ಪಕ್ಕದ ಕಾಣಕೋಣದಲ್ಲೇ ರೂಮು ಮಾಡಿ ಬೆಳಿಗ್ಗೆ ರೈಲು ಹಿಡಿದರೆ ಆರಾಮ. ಉಳಿದ ಬಾಟಲಿ ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ, ಮಾಜಾಳಿಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ.