ಗ್ರಾಮ್ಷಿಯ ಜೈಲು ಟಿಪ್ಪಣಿ: ಎರಡು ಕರಡು ಪಕ್ಕಪಕ್ಕ ಇಟ್ಟು

ಮುಸೊಲಿನಿಯ ಕಾಲದಲ್ಲಿ ಸೆರೆಯಲ್ಲಿದ್ದ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಷಿಯ ಜೈಲು ಟಿಪ್ಪಣಿಗಳನ್ನು ಮೊದಲ ಪುಟದಿಂದ ಸಾಲಾಗಿ ಓದಲು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ಅದು ಪುಸ್ತಕವೇ ಅಲ್ಲ. 1929ರ ಫೆಬ್ರವರಿ 8ರಂದು ತೂರಿ ಜೈಲಿನಲ್ಲಿ ಶುರುವಾಗಿ 1935ರಲ್ಲಿ ನಿಂತ 33 ನೋಟ್‌ಬುಕ್ಕುಗಳು. 4ರಲ್ಲಿ ಬರೀ ಅನುವಾದದ ಅಭ್ಯಾಸ. ಉಳಿದ 29ರಲ್ಲಿ ಎಷ್ಟೋ ಮಾತು ಎರಡು ಸಲ ಬರುತ್ತದೆ.

ಹಾಗಾಗಿ ನಾನು ಓದುವುದು ಜೋಡಿಯಾಗಿ. ಆಧಾರ, ಜೆರಾತಾನಾ ಸಂಪಾದಿಸಿದ 1975ರ ಇಟಾಲಿಯನ್ ಆವೃತ್ತಿಯ 4 ಸಂಪುಟಗಳು. ಮೊದಲ ಕರಡು 'ಎ', ತಿದ್ದಿ ಬರೆದದ್ದು 'ಸಿ', ಒಂದೇ ಸಲಕ್ಕೆ ಬಿಟ್ಟದ್ದು 'ಬಿ'. 'ಎ' ಸಣ್ಣಕ್ಷರದಲ್ಲಿದೆ ಅಂತ ಹಾರಿಸಬೇಡಿ. ಗ್ರಾಮ್ಷಿ ಅದನ್ನು ಹೊಡೆದುಹಾಕಿದ್ದರೂ ಓದಲು ಬರುವಂತೆ ಗೆರೆ ಎಳೆದಿದ್ದ.

3ನೇ ನೋಟ್‌ಬುಕ್ಕಿನ 14ನೇ ಟಿಪ್ಪಣಿ (1930) ಮತ್ತು 25ರ 2ನೇ ಟಿಪ್ಪಣಿ (1934) ತೆಗೆದುಕೊಳ್ಳಿ. ಮೊದಲಿನದರಲ್ಲಿ 'ಅಧೀನ ವರ್ಗಗಳ' ಚರಿತ್ರೆ ಚೂರುಚೂರಾಗಿರುತ್ತದೆ ಎಂದಿದೆ. ಎರಡನೆಯದರಲ್ಲಿ 'ಅಧೀನ ಸಾಮಾಜಿಕ ಗುಂಪುಗಳ' ಚರಿತ್ರೆ. ಸೆನ್ಸಾರ್ ಭಯಕ್ಕೆ ಬದಲಿಸಿದ ಅಂತ ಬಹಳ ಜನ ಒಂದೇ ಮಾತಿಗೆ ಮುಗಿಸುತ್ತಾರೆ. ಆದರೆ ಅದೇ 25ರ 5ನೇ ಟಿಪ್ಪಣಿಯಲ್ಲಿ 'ಅಧೀನ ವರ್ಗಗಳು' ಹಾಗೇ ಉಳಿದಿದೆ. 4ನೇ ಟಿಪ್ಪಣಿಯಲ್ಲಿ ರೋಮಿನ ಗುಲಾಮರು ಬರುತ್ತಾರೆ, ಅವರನ್ನೂ ಒಳಗೊಳ್ಳಲು ಅಗಲದ ಪದ ಬೇಕಿತ್ತು ಎನ್ನುವುದು ನನ್ನ ಅಂದಾಜು.

ಇಂಗ್ಲಿಷಿನಲ್ಲೇ ಓದುವವರಿಗೆ ಒಂದು ತೊಡಕಿದೆ. ಬುಟ್ಟಿಜೀಜ್ ಅನುವಾದದ 3 ಸಂಪುಟಗಳು 8ನೇ ನೋಟ್‌ಬುಕ್ಕಿಗೇ ನಿಲ್ಲುತ್ತವೆ, 'ಸಿ' ಪಾಠಗಳು ಹೆಚ್ಚಾಗಿ ಅದರ ಆಚೆಗಿವೆ. 1971ರ ಇಂಗ್ಲಿಷ್ ಆಯ್ಕೆಯಲ್ಲಿ ಅವುಗಳಲ್ಲಿ ಹಲವು ಸಿಗುತ್ತವೆ, ಆದರೆ ಬರೆದ ಕ್ರಮದಲ್ಲಲ್ಲ, ವಿಷಯವಾರು. 25ನೇ ನೋಟ್‌ಬುಕ್ 2021ರಲ್ಲಿ ಇಂಗ್ಲಿಷಿನಲ್ಲಿ ಬೇರೆಯಾಗಿಯೇ ಬಂದಿದೆ.

ಕನ್ನಡಕ್ಕೆ ತರುವಾಗ ಅಡ್ಡ ಬರುವುದು ಗ್ರಾಮ್ಷಿಯ 'ಹೆಜಿಮನಿ'ಗೆ ಹಾಕುವ 'ಯಜಮಾನಿಕೆ' ಎಂಬ ಪದ. 1ನೇ ನೋಟ್‌ಬುಕ್ಕಿನ 44ನೇ ಟಿಪ್ಪಣಿ ಆಳುವುದನ್ನೂ ಮುನ್ನಡೆಸುವುದನ್ನೂ ಬೇರೆ ಮಾಡುತ್ತದೆ. 19ನೇ ನೋಟ್‌ಬುಕ್ಕಿನ 24ನೇ ಟಿಪ್ಪಣಿಯಲ್ಲಿ ಮುನ್ನಡೆಸುವುದು 'ಬೌದ್ಧಿಕ, ನೈತಿಕ ಮುಂದಾಳತನ' ಆಗುತ್ತದೆ. ಮನೆಯ ಯಜಮಾನ ಒಪ್ಪಿಗೆ ಕೇಳುವವನಲ್ಲವಲ್ಲ! ಆ ಪದ ಹಾಕಿದರೆ ಸಮ್ಮತಿಯ ಅಂಶವೇ ಮಾಯ. ಸಾಲದ್ದಕ್ಕೆ ಗ್ರಾಮ್ಷಿ ಕೆಲವೆಡೆ ಮುಂದಾಳತನಕ್ಕಷ್ಟೇ, ಕೆಲವೆಡೆ ಆಳುವುದು, ಮುನ್ನಡೆಸುವುದು ಎರಡಕ್ಕೂ ಸೇರಿಸಿ 'ಹೆಜಿಮನಿ' ಎಂಬ ಒಂದೇ ಪದ ಬಳಸುತ್ತಾನೆ. ನಾನು 'ಆಳಿಕೆ', 'ಮುಂದಾಳತನ' ಬೇರೆ ಇಟ್ಟು, ಎರಡೂ ಬೆರೆತಲ್ಲಿ 'ಹೆಜಿಮನಿ' ಎಂದೇ ಬಿಡುತ್ತೇನೆ. ಪಕ್ಕದಲ್ಲಿ ಪುಟದ ಬದಲು ನೋಟ್‌ಬುಕ್, ಟಿಪ್ಪಣಿ ಸಂಖ್ಯೆ: 19, 24.