ಮೊದಲು ಕಿಟಕಿ ತೆರೆಯಿತು, ಆಮೇಲೆ ಶಾಲೆ

ಕೋವಿಡ್‌ನಿಂದ ಮುಚ್ಚಿದ್ದ ಶಾಲೆ ಮತ್ತೆ ತೆರೆದ ದಿನ ಬೆಳಿಗ್ಗೆ ಗೇಟಿನಲ್ಲಿ ಜ್ವರ ಅಳೆಯುವ ಗನ್ ಹಿಡಿದು ನಿಂತವಳು ನಾನೇ. ಓಡಿಕೊಂಡು ಬಂದ ಮಕ್ಕಳ ಹಣೆ ಬಿಸಿಯಾಗಿತ್ತು, ತಂಪು ಗಾಳಿಯಲ್ಲಿ ನಡೆದು ಬಂದವರದು ತಣ್ಣಗಿತ್ತು. ಐದನೇ ತರಗತಿಯ ಒಬ್ಬ ಹುಡುಗನಿಗೆ 33 ಡಿಗ್ರಿ ತೋರಿಸಿತು. ಅವನು ಅಂಕಿಯನ್ನು ಇಣುಕಿ ನೋಡಿ, "ಟೀಚರ್, ನಾನು ಬದುಕಿದ್ದೇನಾ?" ಎಂದು ಕೇಳಿದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇಡೀ ಶಾಲೆಯ ಸುರಕ್ಷತೆಯನ್ನು ಈ ಆಟಿಕೆಯ ಮೇಲೆ ನಿಲ್ಲಿಸಿದ್ದೇನಲ್ಲ ಎಂದು ಒಳಗೇ ಅಳುಕಾಯಿತು.

ಮೊದಲ ಒಂದು ತಿಂಗಳು ನಾವು ಮಾಡಿದ್ದೆಲ್ಲ ಕಣ್ಣಿಗೆ ಕಾಣುವ ಕೆಲಸ. ನೆಲದ ಮೇಲೆ ಹಳದಿ ವೃತ್ತ ಬಳಿದೆವು. ಬೆಂಚುಗಳನ್ನು ದಿನಕ್ಕೆ ಮೂರು ಸಲ ಕ್ಲೋರಿನ್ ನೀರಿನಲ್ಲಿ ಒರೆಸಿದೆವು. ಆ ವಾಸನೆಗೆ ನಮ್ಮ ಅಟೆಂಡರ್‌ಗೆ ಕೆಮ್ಮು ಹತ್ತಿತು. ಕೆಮ್ಮು ಹತ್ತಿತೆಂದು ನಾವೇ ಅವರನ್ನು ಮನೆಗೆ ಕಳುಹಿಸಿದೆವು. ಮಗ್ಗಿ ಪುಸ್ತಕಗಳನ್ನು ಮೂರು ದಿನ ಪ್ರತ್ಯೇಕವಾಗಿಟ್ಟು ಆಮೇಲೆ ಮಕ್ಕಳಿಗೆ ಕೊಡುತ್ತಿದ್ದೆವು. ಇಷ್ಟೆಲ್ಲ ನಡೆಯುವಾಗ ತರಗತಿಯ ಕಿಟಕಿಗಳು ಮುಚ್ಚಿಯೇ ಇದ್ದವು, ಏಕೆಂದರೆ ಹೊರಗಿನ ಗದ್ದಲದಲ್ಲಿ ಪಾಠ ಕೇಳಿಸುವುದಿಲ್ಲ ಎಂದು ಶಿಕ್ಷಕರ ದೂರಿತ್ತು. ಅರ್ಧಕ್ಕರ್ಧ ಕಿಟಕಿಗಳು ಮುಚ್ಚಿದ್ದು ಚಿಲಕದಿಂದಲ್ಲ, ವರ್ಷವರ್ಷವೂ ಬಳಿದ ಬಣ್ಣದಿಂದ.

ನನ್ನ ಯೋಚನೆಯ ದಿಕ್ಕು ತಿರುಗಿಸಿದ್ದು ಒಂದು ಗಾಯನ ತಂಡದ ಕಥೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರಂದು ಒಂದು ಕೋರಸ್ ಅಭ್ಯಾಸ ನಡೆಯಿತು. ಸೇರಿದವರು 61 ಮಂದಿ. ಅವರಲ್ಲಿ ಒಬ್ಬರಿಗೆ ಶೀತದಂತಹ ಲಕ್ಷಣವಿತ್ತು. ಸುಮಾರು ಎರಡೂವರೆ ಗಂಟೆ ಹಾಡಿ ಮನೆಗೆ ಹೋದವರಲ್ಲಿ, ಖಚಿತವಾದವರು ಮತ್ತು ಶಂಕಿತರು ಸೇರಿ 53 ಮಂದಿಗೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಅದೇ ವರ್ಷ ಜುಲೈಯಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಈ ಸೋಂಕು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಂದಲೂ ಹರಡುತ್ತದೆ, ಅದನ್ನು ಒಪ್ಪಿಕೊಳ್ಳಿ ಎಂದು ಕೇಳಿಕೊಂಡರು. ಮೇಲ್ಮೈ ಮುಟ್ಟುವುದರಿಂದ ಬರುವ ಅಪಾಯ ಬಹಳ ಸಣ್ಣದೆಂದು ಅಧಿಕೃತವಾಗಿ ಕೇಳಿಬಂದದ್ದು ಇನ್ನೂ ತಡವಾಗಿ. ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ತಗಲುವ ಸಾಧ್ಯತೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ನಾವು ಎಷ್ಟು ಡಬ್ಬ ಕ್ಲೋರಿನ್ ಮುಗಿಸಿದ್ದೆವೋ! ಕೈ ತೊಳೆಯುವುದನ್ನು ಬಿಡಲಿಲ್ಲ, ಸೋಪು ಹೊಟ್ಟೆಬೇನೆಗೂ ಒಳ್ಳೆಯದೇ. ಬೆಂಚು ಒರೆಸುವ ಕೈಗಳನ್ನು ಮಾತ್ರ ಕಿಟಕಿಯ ಕಡೆಗೆ ತಿರುಗಿಸಿದೆ.

ಗಾಳಿ ಕೆಟ್ಟಿದೆಯೋ ಇಲ್ಲವೋ ಎಂಬುದು ಮೂಗಿಗೆ ತಿಳಿಯುವುದಿಲ್ಲ. ಅದಕ್ಕೆ ಅಂಗೈಯಗಲದ ಒಂದು ಇಂಗಾಲದ ಡೈಆಕ್ಸೈಡ್ ಮಾಪಕ ತಂದೆ. ಲೆಕ್ಕ ಸರಳ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 400 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು) ಇರುತ್ತದೆ, ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000. ಕೊಠಡಿಯ ಅಂಕಿ ಏರಿತೆಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಆರನೇ ತರಗತಿಯ ಕೊಠಡಿ ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರ. ಒಳಗೆ 26 ಮಕ್ಕಳು. ಕಿಟಕಿ ಮುಚ್ಚಿದ್ದಾಗ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಮಾಪಕ 2,000 ತೋರಿಸಿತು. ಹೊರಗಿನ 400 ಕಳೆದು ಮಿಕ್ಕದ್ದನ್ನು 40,000ಕ್ಕೆ ಹೋಲಿಸಿದರೆ, ಅಲ್ಲಿ ಎಳೆದ ಪ್ರತಿ 25 ಉಸಿರಿನಲ್ಲಿ ಒಂದು, ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು. ಇದನ್ನು ಸಭೆಯಲ್ಲಿ ಹೇಳಿದಾಗ ಗದ್ದಲದ ದೂರು ಕೊಟ್ಟಿದ್ದ ಗಣಿತದ ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದರು. ಮರುದಿನ ಮನೆಯಿಂದ ಉಳಿ ತಂದು ತಮ್ಮ ತರಗತಿಯ ಕಿಟಕಿಗೆ ಅಂಟಿದ್ದ ಬಣ್ಣವನ್ನು ಅವರೇ ಕೆತ್ತಿದರು.

ಕಿಟಕಿ ತೆರೆದರೆ ಎಷ್ಟು ಗಾಳಿ ಬದಲಾಗುತ್ತದೆ ಎಂಬುದನ್ನೂ ಆ ಮಾಪಕದಿಂದಲೇ ಅಳೆದೆವು. ಮಕ್ಕಳು ಹೊರಗೆ ಹೋದ ಮೇಲೆ ಅಂಕಿ 2,000ದಿಂದ 1,000ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ಕುಳಿತೆ. ಹೊರಗಿನ 400 ಕಳೆದರೆ ಮಿಕ್ಕದ್ದು 1,600. ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತಲೇ ಬರುವುದರಿಂದ, ಅದು 600ರ ಹತ್ತಿರಕ್ಕೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿಗೆ ಇಳಿಯುವಷ್ಟು ಹೊತ್ತಿನಲ್ಲಿ ಕೊಠಡಿಯ ಗಾಳಿ ಒಂದು ಸಲ ಬದಲಾದಂತೆ. ಕಿಟಕಿ ಮುಚ್ಚಿದ್ದಾಗ 40 ನಿಮಿಷ ಬೇಕಾಯಿತು. ಅಂದರೆ ಗಂಟೆಗೆ ಒಂದೂವರೆ ಸಲ. ಒಂದೇ ಬದಿಯ ಕಿಟಕಿಗಳನ್ನು ಪೂರ್ತಿ ತೆರೆದಾಗ ನಿರೀಕ್ಷಿಸಿದಷ್ಟು ಲಾಭವಾಗಲಿಲ್ಲ. ಎದುರು ಬದಿಯ ಬಾಗಿಲನ್ನೂ ಅದರ ಮೇಲಿನ ಗವಾಕ್ಷಿಯನ್ನೂ ತೆರೆದಾಗ ಎಂಟೇ ನಿಮಿಷ; ಗಂಟೆಗೆ ಏಳೂವರೆ ಸಲ. ಗಂಟೆಗೆ ಐದು ಸಲವಾದರೂ ಆಗಬೇಕೆಂದು ತಜ್ಞರು ಹೇಳುವುದನ್ನು ಆಮೇಲೆ ಓದಿದೆ. ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು ಎಂಬ ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಂದು ಯಂತ್ರ ಬೇಕಾಯಿತು. ಹಳೆಯ ಕಟ್ಟಡಗಳಲ್ಲಿ ಬಾಗಿಲ ಮೇಲೆ ಗವಾಕ್ಷಿ ಇಡುತ್ತಿದ್ದವರಿಗೆ ಅದು ಯಂತ್ರವಿಲ್ಲದೆಯೇ ಗೊತ್ತಿತ್ತು. ಕ್ಷಯರೋಗದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬುರ್ಗ್‌ನಲ್ಲಿ ಮಕ್ಕಳನ್ನು ಕಾಡಿನೊಳಗೇ ಕೂರಿಸಿ ಪಾಠ ಮಾಡಿದ್ದರು. ನಮ್ಮದು ಅವರ ಮುಂದೆ ಏನೂ ಅಲ್ಲ.

ಮಳೆ ಜೋರಾದಾಗ ಕಿಟಕಿಯನ್ನು ಒಂದು ಗೇಣು ಮಾತ್ರ ತೆರೆದಿಡುತ್ತಿದ್ದೆವು, ಪೀರಿಯಡ್ ನಡುವೆ ಪೂರ್ತಿ. ಕಿಟಕಿ ಪಕ್ಕದ ಬೆಂಚುಗಳನ್ನು ಒಂದು ಮಾರು ಈಚೆಗೆ ಎಳೆದೆವು. ಚಳಿಗೆ ಸ್ವೆಟರ್ ಹಾಕಿಕೊಳ್ಳಲು ಬಿಟ್ಟೆವು, ಸಮವಸ್ತ್ರದ ಬಣ್ಣದ ಹಟ ಆ ವರ್ಷಕ್ಕೆ ಸಾಕು ಎಂದೆ.

ಕಂಪ್ಯೂಟರ್ ಕೊಠಡಿಗೆ ಕಿಟಕಿಯೇ ಇರಲಿಲ್ಲ. ಅಲ್ಲಿಗೆ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬ ಇಬ್ಬರು 2020ರಲ್ಲಿ ರೂಪಿಸಿದ, ಗಾಳಿ ಸೋಸುವ ಪೆಟ್ಟಿಗೆಯನ್ನು ನಾವೇ ಕಟ್ಟಿದೆವು. ನಾಲ್ಕು ಬದಿಗೆ ನಾಲ್ಕು ಫಿಲ್ಟರ್, ಕೆಳಗೆ ರಟ್ಟು, ಮೇಲೆ ಗಾಳಿಯನ್ನು ಮೇಲಕ್ಕೆ ಊದುವಂತೆ ಮಲಗಿಸಿದ ಚೌಕ ಫ್ಯಾನ್, ಸಂದುಗಳಿಗೆಲ್ಲ ಅಗಲದ ಟೇಪು. ಫಿಲ್ಟರಿನ ಅಂಚಿನಲ್ಲಿ ಗಾಳಿ ಹೋಗುವ ದಿಕ್ಕಿಗೆ ಬಾಣ ಇರುತ್ತದೆ, ಅದು ಪೆಟ್ಟಿಗೆಯ ಒಳಮುಖವಾಗಿರಬೇಕು. ಮೊದಲ ಪೆಟ್ಟಿಗೆಯಲ್ಲಿ ಒಂದನ್ನು ಉಲ್ಟಾ ಅಂಟಿಸಿದ್ದೆವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಂಡುಹಿಡಿದಳು. ವಾರದ ನಂತರ ಕಂಪ್ಯೂಟರ್ ಶಿಕ್ಷಕಿ ಬಂದು, "ಮೇಡಂ, ಇದನ್ನು ಹಚ್ಚಿದರೂ ಮಾಪಕದ ಅಂಕಿ ಇಳಿಯುತ್ತಿಲ್ಲ, ತೆಗೆದುಬಿಡಲೇ?" ಎಂದು ಕೇಳಿದರು. ಅಂಕಿ ಇಳಿಯುವುದಿಲ್ಲ. ಫಿಲ್ಟರ್ ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲವನ್ನಲ್ಲ. ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಆರು ತಿಂಗಳ ಮೇಲೆ ಬಿಚ್ಚಿದಾಗ ಬೆಳ್ಳಗಿದ್ದ ಮಡಿಕೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಅದನ್ನು ನೋಡಿದ ಮೇಲೆ ಯಾರೂ ತೆಗೆಯುವ ಮಾತಾಡಲಿಲ್ಲ. ಫ್ಯಾನನ್ನು ಅತಿ ವೇಗದಲ್ಲಿ ಇಡಬೇಡಿ ಎಂಬುದು ನನ್ನ ಸಲಹೆ. ಸದ್ದು ತಡೆಯಲಾರದೆ ಶಿಕ್ಷಕರು ಗುಟ್ಟಾಗಿ ಆರಿಸುತ್ತಾರೆ. ಆರಿಸಿದ ಪೆಟ್ಟಿಗೆಗಿಂತ ನಿಧಾನ ತಿರುಗುವುದು ಮೇಲು.

ಮಾಸ್ಕಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೂಗಿನ ಕೆಳಗೆ ಇಳಿದ ಮಾಸ್ಕು ಇದ್ದೂ ಇಲ್ಲದಂತೆ, ಅಷ್ಟೆ. ಆದರೆ ಏಳನೇ ತರಗತಿಯಲ್ಲಿ ತುಟಿಯ ಚಲನೆ ನೋಡಿ ಪಾಠ ಅರ್ಥಮಾಡಿಕೊಳ್ಳುವ ಹುಡುಗಿಯೊಬ್ಬಳಿದ್ದಳು. ನಾವು ಬಾಯಿ ಮುಚ್ಚಿಕೊಂಡ ದಿನವೇ ಅವಳ ಪಾಲಿಗೆ ಶಾಲೆ ಮುಚ್ಚಿತ್ತು. ಹತ್ತು ದಿನ ಅವಳು ಬರಿದೆ ತಲೆಯಾಡಿಸುತ್ತಿದ್ದದ್ದು ನಮಗೆ ತಿಳಿಯಲೂ ಇಲ್ಲ. ಕೊನೆಗೆ ಮಧ್ಯದಲ್ಲಿ ಪಾರದರ್ಶಕ ಹಾಳೆಯಿರುವ ಮಾಸ್ಕ್ ತರಿಸಿದೆವು. ಅದು ಉಸಿರಿಗೆ ಮಂಜಾಗುತ್ತಿತ್ತು. ಒಳಬದಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಸವರಿ ಒಣಗಲು ಬಿಟ್ಟರೆ ಒಂದೆರಡು ಪೀರಿಯಡ್ ತಿಳಿಯಾಗಿರುತ್ತದೆ ಎಂದು ವಿಜ್ಞಾನದ ಶಿಕ್ಷಕಿ ತೋರಿಸಿದರು. ಅವಳ ತರಗತಿಗೆ ಹೋಗುವ ಎಲ್ಲರ ಜೇಬಿನಲ್ಲೂ ಅದೊಂದು ಸಣ್ಣ ಸೀಸೆ ಇರುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮಲ್ಲಿ ಸೋಂಕು ಹರಡಿತು, ತರಗತಿಯಲ್ಲಲ್ಲ, ಸ್ಟಾಫ್ ರೂಮಿನಲ್ಲಿ. ಆ ಸಭೆ ಕರೆದವಳು ನಾನೇ. ಪರೀಕ್ಷೆಯ ವೇಳಾಪಟ್ಟಿ ಚರ್ಚಿಸಬೇಕಿತ್ತು, ಹೊರಗೆ ಮಳೆ, ಕಿಟಕಿ ಹಾಕಿದ್ದೆವು. ಹದಿನಾಲ್ಕು ಮಂದಿ, ಐವತ್ತು ನಿಮಿಷ. ಊಟದ ಡಬ್ಬಿ ತೆರೆದಾಗ ಮಾಸ್ಕುಗಳೂ ಕೆಳಗಿಳಿದವು. ಮಕ್ಕಳಿಗೆ ದಿನವಿಡೀ ಹೇಳಿದ ನಿಯಮ ನಮಗಲ್ಲ ಎಂಬ ಭಾವ ಯಾರ ಬಾಯಲ್ಲೂ ಇರಲಿಲ್ಲ, ನಡತೆಯಲ್ಲಿ ಇತ್ತು. ಅಂದು ಯಾರಿಗೂ ಯಾವ ಲಕ್ಷಣವೂ ಇರಲಿಲ್ಲ. ಲಕ್ಷಣ ಕಾಣುವ ಎರಡು ದಿನ ಮೊದಲೇ ಸೋಂಕು ದಾಟಬಲ್ಲದು. ವಾರದೊಳಗೆ ಐವರು ಮಲಗಿದರು. ಎರಡು ತರಗತಿಗಳನ್ನು ಐದು ದಿನ ಮುಚ್ಚಬೇಕಾಯಿತು. ಮಕ್ಕಳು ಆರೋಗ್ಯವಾಗಿದ್ದರು, ಪಾಠ ಮಾಡುವವರೇ ಇರಲಿಲ್ಲ. ಅಂದಿನಿಂದ ಸಭೆಗಳು ಅಂಗಳದಲ್ಲಿ, ನಿಂತುಕೊಂಡು, ಹದಿನೈದು ನಿಮಿಷದಲ್ಲಿ. ಇದರಿಂದ ಸಿಕ್ಕ ಉಪಲಾಭವೆಂದರೆ ಸಭೆಯಲ್ಲಿ ಅನಗತ್ಯ ಮಾತು ನಿಂತಿತು.

ಐವರಲ್ಲಿ ಒಬ್ಬರು ಗುತ್ತಿಗೆ ಶಿಕ್ಷಕಿ. ಎರಡನೇ ದಿನವೇ ಗಂಟಲು ಕೆರೆತ ಶುರುವಾಗಿತ್ತಂತೆ, ಆದರೂ ಬಂದಿದ್ದರು. ಏಕೆ ಎಂದು ನಾನು ಕೇಳಿದೆ. "ಬರದ ದಿನದ ಸಂಬಳ ಹೋಗುತ್ತದಲ್ಲ, ಮೇಡಂ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಯೋಜನೆಯ ಕಡತದಲ್ಲಿ ಮಾಸ್ಕಿತ್ತು, ಅಂತರವಿತ್ತು, ಹಾಜರಿ ಪುಸ್ತಕದ ಆ ಕೆಂಪು ಗೆರೆ ಮಾತ್ರ ಇರಲಿಲ್ಲ. ಆಡಳಿತ ಮಂಡಳಿಯ ಮುಂದೆ ಲೆಕ್ಕ ಇಟ್ಟೆ: ಒಬ್ಬರ ಐದು ದಿನದ ಸಂಬಳ ಉಳಿಸಲು ಹೋಗಿ ಎರಡು ತರಗತಿ ಮುಚ್ಚಿದೆವು. ಎರಡು ಸಭೆ ಜಗ್ಗಾಡಿದ ಮೇಲೆ ಗುತ್ತಿಗೆಯವರಿಗೆ, ಬಸ್ ಚಾಲಕರಿಗೆ, ಅಟೆಂಡರ್‌ಗಳಿಗೆ ಎಲ್ಲರಿಗೂ ಸೋಂಕಿನ ರಜೆಗೆ ಸಂಬಳ ಕಡಿಯುವುದಿಲ್ಲ ಎಂದು ಬರಹದಲ್ಲಿ ಕೊಟ್ಟರು. ಕಿಟಕಿ ಬಿಟ್ಟರೆ ನಮ್ಮ ಶಾಲೆಯನ್ನು ತೆರೆದಿಟ್ಟದ್ದು ಆ ಒಂದು ಹಾಳೆ.

ಅದೇ ಕಣ್ಣಿನಿಂದ ನೋಡಿದಾಗ ಬೇರೆಯವೂ ಕಂಡವು. ನೂರಕ್ಕೆ ನೂರು ಹಾಜರಿಗೆ ಪ್ರತಿವರ್ಷ ಬಹುಮಾನ ಕೊಡುತ್ತಿದ್ದೆವು. ಜ್ವರ ಬಂದ ಮಗುವಿಗೆ ಬೆಳಿಗ್ಗೆ ಮಾತ್ರೆ ನುಂಗಿಸಿ ಶಾಲೆಗೆ ಅಟ್ಟುವ ಪೋಷಕರನ್ನು ನಾವೇ ತಯಾರು ಮಾಡಿದ್ದೆವು. ಆ ಬಹುಮಾನ ನಿಲ್ಲಿಸಿದೆ. ಮಗುವಿಗೆ ಹುಷಾರಿಲ್ಲ ಎಂದು ಫೋನ್ ಮಾಡಿದವರಿಗೆ ಕಚೇರಿಯವರು ಮೊದಲು ಹೇಳಬೇಕಾದ ಮಾತು "ತಿಳಿಸಿದ್ದು ಒಳ್ಳೆಯದಾಯಿತು" ಎಂದು ಚೀಟಿ ಬರೆದು ಫೋನಿನ ಮೇಲೆ ಅಂಟಿಸಿದೆ. ಎಲ್ಲಿಗೆ ಹೋಗಿದ್ದಿರಿ, ಯಾರ ಜೊತೆ ಸೇರಿದ್ದಿರಿ ಎಂಬ ವಿಚಾರಣೆಯ ದನಿ ಬೇಡವೆಂದೆ. ಮೊದಲ ವಾರ ಎರಡೋ ಮೂರೋ ಕರೆ ಬಂದವು, ತಿಂಗಳ ಕೊನೆಗೆ ದಿನಕ್ಕೆ ಅಷ್ಟು. ಕಾಯಿಲೆ ಹೆಚ್ಚಾಗಿರಲಿಲ್ಲ, ಮುಚ್ಚಿಡುವುದು ಕಡಿಮೆಯಾಗಿತ್ತು. ರ‍್ಯಾಪಿಡ್ ಪರೀಕ್ಷೆ ಸಿಗಲು ಶುರುವಾದ ಮೇಲೆ, ಲಕ್ಷಣವಿದ್ದೂ ನೆಗೆಟಿವ್ ಬಂದವರು ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿಕೊಂಡೇ ಬರಬೇಕೆಂಬ ನಿಯಮವನ್ನು ಪೋಷಕರು ತಕರಾರಿಲ್ಲದೆ ಒಪ್ಪಿದ್ದಕ್ಕೂ ಇದೇ ಕಾರಣ ಇರಬೇಕು.

ಯಾವುದಾದರೂ ತರಗತಿಯಲ್ಲಿ ಸೋಂಕು ಗೊತ್ತಾದರೆ ಅಂದೇ ಸಂಜೆ ಆ ತರಗತಿಯ ಎಲ್ಲ ಮನೆಗೂ ನಾಲ್ಕು ವಾಕ್ಯದ ಪತ್ರ ಹೋಗುತ್ತಿತ್ತು. ಏನಾಗಿದೆ, ನಾವು ಏನು ಮಾಡಿದ್ದೇವೆ, ನೀವು ಏನು ಗಮನಿಸಬೇಕು, ಯಾರಿಗೆ ಫೋನ್ ಮಾಡಬೇಕು. ಹೆಸರು ಇಲ್ಲ. ಆದರೂ ಮಕ್ಕಳಿಗೆ ತಿಳಿಯುತ್ತದೆ. ಗುಣವಾಗಿ ಬಂದ ನಾಲ್ಕನೇ ತರಗತಿಯ ಹುಡುಗನ ಪಕ್ಕ ಯಾರೂ ಕೂರಲಿಲ್ಲ. ಅವತ್ತು ನಾನೇ ಆ ತರಗತಿಗೆ ಹೋಗಿ, ನನಗೂ ಬಂದಿತ್ತು, ನನ್ನ ಪಕ್ಕ ಯಾರು ಕೂರುತ್ತೀರಿ ಎಂದು ಕೇಳಿ ಅವನ ಬೆಂಚಿನಲ್ಲೇ ಕುಳಿತೆ. ಮೂವರು ಬಂದರು. ಸ್ಟಾಫ್ ರೂಮಿನ ಆ ಐವರಲ್ಲಿ ನಾನೂ ಒಬ್ಬಳು ಎಂದು ಮೇಲೆ ಹೇಳಲು ಮರೆತೆ.

ಮಕ್ಕಳ ಗುಂಪುಗಳು ಒಂದಕ್ಕೊಂದು ಬೆರೆಯದಂತೆ ನೋಡಿಕೊಂಡ ವಿಷಯ ಬೇಗ ಮುಗಿಸುತ್ತೇನೆ. ಪ್ರತಿ ತರಗತಿಯ ಮಕ್ಕಳು ತಮ್ಮದೇ ಕೊಠಡಿಯಲ್ಲಿ, ಶಿಕ್ಷಕರು ಅವರ ಬಳಿಗೆ. ಬಸ್ಸಿನಲ್ಲಿ ಅಣ್ಣತಮ್ಮಂದಿರು ಒಂದೇ ಸೀಟಿನಲ್ಲಿ, ಗಾಜುಗಳು ತೆರೆದೇ. ಹಾಡು, ಪಠಣ, ಆಟ ಎಲ್ಲ ಹೊರಗೆ. ಸ್ಕ್ಯಾಗಿಟ್ ಕಥೆ ಓದಿದ ಮೇಲೆ ಮುಚ್ಚಿದ ಸಭಾಂಗಣದಲ್ಲಿ ಪ್ರಾರ್ಥನೆ ಮಾಡಿಸುವ ಧೈರ್ಯ ನನಗೆ ಬರಲಿಲ್ಲ.

ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಹಳದಿ ವೃತ್ತಗಳು ಅದಕ್ಕೂ ಮೊದಲೇ ಅಳಿಸಿದ್ದವು. ಮಾಪಕಗಳು ಗೋಡೆಯಲ್ಲೇ ಇವೆ, ಅಂಕಿ ಸಾವಿರ ದಾಟಿದರೆ ಕಿಟಕಿ ಪಕ್ಕದಲ್ಲಿ ಕೂತ ಮಗು ಯಾರನ್ನೂ ಕೇಳದೆ ಎದ್ದು ತೆರೆಯುತ್ತದೆ. ಕಳೆದ ರಜೆಯಲ್ಲಿ ಕಟ್ಟಡಕ್ಕೆ ಬಣ್ಣ ಹೊಡೆಸಿದೆವು. ಶಾಲೆ ಶುರುವಾದ ದಿನ ನೋಡಿದರೆ ಆರನೇ ತರಗತಿಯ ಮೂರು ಕಿಟಕಿಗಳು ಮತ್ತೆ ಚೌಕಟ್ಟಿಗೆ ಅಂಟಿಕೊಂಡಿದ್ದವು. ಗಣಿತದ ಮೇಷ್ಟ್ರು ಆಗಲೇ ಉಳಿ ತರಲು ಮನೆಗೆ ಹೋಗಿದ್ದರು.